ಬಿದ್ರಿ ಮಾಸಿದೆಯಾ? ತಿಕ್ಕೋಕೆ ಮುಂಚೆ ಇದನ್ನು ಓದಿ

ಈ ಸಲವೂ ಬಂದಿರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ. ಗೊತ್ತಿಲ್ಲದವರಿಗೆ: ಬಿದ್ರಿ ಅಂದರೆ ಕಪ್ಪು ಲೋಹದ ಮೈಯಲ್ಲಿ ಬೆಳ್ಳಿ ಎಳೆ ಕೂರಿಸಿದ ಬೀದರಿನ ಕುಸುರಿ ಸಾಮಾನು.

ಅಜ್ಜಿ ಕಾಲದ ಬಿದ್ರಿ ಹೂದಾನಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಇನ್ನೂ ಬೆಳ್ಳಗಾಯಿತು. ಮನೆಯಲ್ಲೇ ಮತ್ತೆ ಕಪ್ಪು ಮಾಡಬಹುದಾ? – ಭಾಲ್ಕಿಯ ಓದುಗರು

ಹುಣಸೆಹಣ್ಣು ಹಿತ್ತಾಳೆ ಚೊಂಬಿಗೆ ಸರಿ. ಬಿದ್ರಿಗೆ ಬೇಡ ಅಂತ ಎಷ್ಟು ಸಲ ಬರೆಯಲಿ, ತಾಯಿ? ಬಿದ್ರಿಯ ಮೈ ಬಹುಪಾಲು ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಹುಳಿ ತಾಗಿದರೆ ಸತು ಕರಗುತ್ತದೆ. ಆ ಕಪ್ಪು ಬಳಿದ ಬಣ್ಣವಲ್ಲ. ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್ ಅನ್ನುವ ಉಪ್ಪು) ಜೊತೆ ನೀರಲ್ಲಿ ಕುದಿಸಿ ಪಾತ್ರೆ ಅದ್ದಿದಾಗ ಲೋಹದ ಮೈಯೇ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ತೀರಾ ತೆಳು ಪದರ. ನೀವು ತಿಕ್ಕಿ ತೆಗೆದದ್ದು ಅದನ್ನೇ.

ಇನ್ನೂ ತಿಕ್ಕದೆ ಉಳಿದವರು ಮೊದಲು ಪಾತ್ರೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ. ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹಳೇ ಮಲ್ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಬೆಳ್ಳಿ ಎಳೆ ಹೋದ ದಿಕ್ಕಿನಲ್ಲೇ. ಎಷ್ಟೋ ಪಾತ್ರೆಗಳ ಕಪ್ಪು ಹೋಗಿರುವುದಿಲ್ಲ, ಒಣಗಿರುತ್ತದೆ ಅಷ್ಟೇ. ಎಣ್ಣೆ ತಾಗಿದರೆ ಎದ್ದು ಬರುತ್ತದೆ.

ಎಣ್ಣೆ ಒರೆಸಿದ ಮೇಲೂ ಬೂದಿ ಬಣ್ಣವೇ ಇದ್ದರೆ ಕಪ್ಪು ನಿಜವಾಗಿ ಹೋಗಿದೆ. ಬಿಳಿ ಪುಡಿ ಕಾಣಿಸಿದರೆ ಸತುವಿಗೆ ತೇವ ಹಿಡಿದಿದೆ. ಇವೆರಡೂ ಮನೆ ಕೆಲಸವಲ್ಲ. ಬೀದರಿನ ಕಾರೀಗರರ ಹತ್ತಿರ ಒಯ್ಯಿರಿ. ಅವರು ಹಳೇ ಮೈ ಉಜ್ಜಿ ತೆಗೆದು, ಮತ್ತೆ ಮಣ್ಣಿನ ನೀರಲ್ಲಿ ಅದ್ದಿ, ಎಣ್ಣೆ ಹಚ್ಚಿ ಕೊಡುತ್ತಾರೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಅಂತ ನಾಲಿಗೆಗೆ ತಾಗಿಸಿ ನೋಡುವವರು ಅವರು. ಕೋಟೆಗೆ ಹೋಗಿ ನೀವೇ ಅಗೆಯುವ ಯೋಚನೆ ಬಿಡಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ.

ಮನೆ ಬಾಗಿಲಿಗೆ ಬಂದು ‘ಹೊಸದು ಮಾಡಿ ಕೊಡ್ತೀವಿ’ ಅನ್ನುವವರ ಕೈಗೆ ಮಾತ್ರ ಕೊಡಬೇಡಿ. ಕಪ್ಪು ಪೇಂಟು ಬಳಿದು ಹೋಗುತ್ತಾರೆ. ಅದನ್ನು ಕೆತ್ತನೆಯ ಸಂದುಗಳಿಂದ ಬಿಡಿಸುವಾಗ ತೆಳ್ಳನೆಯ ಬೆಳ್ಳಿ ಎಳೆಯೇ ಎದ್ದು ಬಂದದ್ದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಬೂಟ್ ಪಾಲಿಶ್ ಹಚ್ಚಬಹುದಾ?
ಬೂಟಿಗೆ ಹಚ್ಚಿ.

ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ ಹಾಕಿ ಕುದಿಸಿದರೆ?
ಅದು ಬರೀ ಬೆಳ್ಳಿ ಸಾಮಾನಿನ ಉಪಾಯ. ಬಿದ್ರಿಗೆ ಬೇಡ.

ಬಿದ್ರಿ ಲೋಟದಲ್ಲಿ ಮಜ್ಜಿಗೆ ಕುಡಿಯಬಹುದಾ?
ಬೇಡವೇ ಬೇಡ. ಹುಳಿಗೆ ಸತು ಕರಗುತ್ತದೆ ಅಂತ ಈಗಷ್ಟೇ ಹೇಳಿದೆ.

ತಾತನ ಕೋವಿಯ ನಳಿಗೆಯ ಕಪ್ಪು ಹೋಗಿದೆ. ಇದೇ ಮಣ್ಣು ಆಗುತ್ತಾ? – ಯಾದಗಿರಿ
ಆಗಲ್ಲ. ಅದು ಉಕ್ಕು, ಇದು ಸತು. ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು, ಅಂಥವರ ಹತ್ತಿರವೇ ಹೋಗಿ.