ಆ ಪೇಂಟಿಂಗಲ್ಲಿ ಮೇರಿ ಯಾಕೆ ಯೇಸು ಥರಾನೇ ಕುಸಿದು ಬಿದ್ದಿದ್ದಾಳೆ?

ಬೇಕಂತಲೇ ಹಾಗೆ ಬರೆದಿರೋದು, ಮಗನ ಸಾವು ತಾಯಿಗೂ ಸಾವಿದ್ದಂಗೆ ಅಂತ ತೋರಿಸೋಕೆ. ನೀವು ಕೇಳ್ತಿರೋದು ಯೇಸುವನ್ನ ಶಿಲುಬೆಯಿಂದ ಇಳಿಸೋ ಚಿತ್ರ, ರೋಗಿಯರ್ ವಾನ್ ಡರ್ ವೇಡನ್ 1435ರ ಆಸುಪಾಸಲ್ಲಿ ಬರೆದಿದ್ದು, ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ.

ಆಗಿನ ಯುರೋಪಲ್ಲಿ ಭಕ್ತರು ಗಟ್ಟಿಯಾಗಿ ನಂಬಿದ್ದೇನಂದ್ರೆ, ಮಗ ಮೈಯಲ್ಲಿ ಪಟ್ಟ ನೋವನ್ನೆಲ್ಲಾ ತಾಯಿ ಮನಸಲ್ಲಿ ಪಟ್ಟಳು ಅಂತ. ಅದಕ್ಕೇ ಇಬ್ಬರ ಮೈಗೂ ಒಂದೇ ಬಾಗು, ಮೇರಿ ಮುಖ ರಕ್ತ ಇಂಗಿದಂಗೆ ಬಿಳುಚಿಕೊಂಡಿದೆ, ಯೇಸುವಿನ ಗಾಯದ ಕೈ ಹೇಗೆ ಜೋತುಬಿದ್ದಿದ್ಯೋ ಅವಳ ಬಲಗೈನೂ ಹಾಗೇ ಜೋತುಬಿದ್ದು ನೆಲದ ಮೇಲಿರೋ ತಲೆಬುರುಡೆ ಹತ್ರ ಬಂದಿದೆ (ಅದು ಬೈಬಲ್‌ನ ಮೊದಲ ಮನುಷ್ಯ ಆದಾಮನ ಬುರುಡೆ ಅಂತ ಲೆಕ್ಕ). ಹಿಂದೆ ಬೆಟ್ಟ, ಆಕಾಶ ಏನೂ ಇಲ್ಲ, ಬರೀ ಚಿನ್ನದ ಬಣ್ಣದ ಗೋಡೆ, ಹತ್ತು ಜನ ಇಕ್ಕಟ್ಟಾದ ಗೂಡಲ್ಲಿ ತುಂಬಿಕೊಂಡಿದ್ದಾರೆ, ಸೋ ನೋಡೋರ ಕಣ್ಣು ಅವರನ್ನ ಬಿಟ್ಟು ಆಚೆ ಹೋಗೋಕೆ ಜಾಗಾನೇ ಇಲ್ಲ.

ನನಗೆ ಜಾಸ್ತಿ ಇಷ್ಟ ಆಗೋದು ಕೆನ್ನೆ ಮೇಲಿನ ಕಣ್ಣೀರ ಹನಿಗಳು. ಎಣ್ಣೆ ಬಣ್ಣ ನಿಧಾನಕ್ಕೆ ಒಣಗುತ್ತೆ, ತೆಳ್ಳಗೆ ಬಳಿದ್ರೆ ಗಾಜಿನ ಥರ ಕೆಳಗಿನ ಬಣ್ಣ ಕಾಣುತ್ತೆ, ಅದಕ್ಕೇ ಹನಿಯೊಳಗಿಂದ ಚರ್ಮ ಕಾಣೋ ಹಂಗೆ ಬರೆಯೋಕಾಯ್ತು.

ಅಂದಹಾಗೆ ಮೇಲಿನ ಮೂಲೆಗಳಲ್ಲಿ ಪುಟ್ಟ ಪುಟ್ಟ ಅಡ್ಡಬಿಲ್ಲುಗಳಿವೆ (ಕ್ರಾಸ್‌ಬೋ), ಜೂಮ್ ಮಾಡಿ ನೋಡಿ. ಯಾಕಂದ್ರೆ ಚಿತ್ರ ಬರೆಸಿದ್ದು ಈಗಿನ ಬೆಲ್ಜಿಯಂನ ಲೂವೆನ್ ಊರಿನ ಅಡ್ಡಬಿಲ್ಲುಗಾರರ ಸಂಘ.