ಯಾರ ಹೆಸರಿಗೆ ಅರ್ಚನೆ?

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ, ಫ್ಯಾಕ್ಟರಿ ಕೆಲಸ. ಮನೆಗೆ ನಾನು ಮಗ. ಒಳಗೆ ಮಾತ್ರ ಚಿಕ್ಕಂದಿನಿಂದಲೂ ಹೆಣ್ಣು. ಭಕ್ತಿ ಜಾಸ್ತಿ. ಕೋಲಾರಮ್ಮನ ಗುಡಿಯಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ ಕೇಳಿದಾಗ ಮನೆಯವರಿಟ್ಟ ಹೆಸರು ಹೇಳುತ್ತೇನೆ, ದೇವಿ ಎದುರೇ ಸುಳ್ಳು ಹೇಳಿದ ಹಾಗಾಗುತ್ತದೆ. ಅಮ್ಮನಿಗೆ ಹೇಳಿದರೆ "ದೇಹ ಇವತ್ತಿದ್ದು ನಾಳೆ ಹೋಗೋದು, ಅದರ ಚಿಂತೆ ಬಿಟ್ಟು ಧ್ಯಾನ ಮಾಡು" ಅನ್ನುತ್ತಾಳೆ. ಸರಿಯಾ?
– ಹೆಸರು ಬೇಡ, ಮಾಲೂರು ತಾಲ್ಲೂಕು

ಉತ್ತರ: ನಿನ್ನನ್ನು ತಂಗಿ ಅಂತಲೇ ಕರೆಯುತ್ತೇನೆ.

ದೇಹದ ಚಿಂತೆ ಬಿಡು ಅನ್ನುವ ಅಮ್ಮ, ಕಟಿಂಗ್ ಮಾಡಿಸು, ಹೆಣ್ಣು ನೋಡೋಣ ಅಂತಲೂ ಹೇಳುತ್ತಿರಬೇಕು, ಅಲ್ವಾ? ಆಗ ಮಾತ್ರ ದೇಹ ನೆನಪಿಗೆ ಬರುತ್ತದೆ. ಮೊಲೆ ಮುಡಿ ಬಂದರೆ ಹೆಣ್ಣು, ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಅಂತ ಜೇಡರ ದಾಸಿಮಯ್ಯ ಹೇಳಿದ್ದು ಎಲ್ಲರಿಗೂ ಗೊತ್ತು. ಅದನ್ನು ನಿನ್ನ ಬಾಯಿ ಮುಚ್ಚಿಸಲು ಬಳಸುವವರೂ ಸಿಗುತ್ತಾರೆ. ನನ್ನ ಪ್ರಕಾರ ಆ ಮಾತು ಮೊದಲು ತಟ್ಟಬೇಕಾದ್ದು ಗಡ್ಡ ಮೀಸೆ ನೋಡಿ ನೀನು ಯಾರು ಅಂತ ತೀರ್ಮಾನ ಮಾಡಿದವರಿಗೆ.

ನಮ್ಮ ಕಡೆ ಕರಗ ನೋಡಿದ್ದೀಯಲ್ಲ? ಗಂಡಸು ಸೀರೆ ಉಟ್ಟು, ಬಳೆ ತೊಟ್ಟು, ದ್ರೌಪದಮ್ಮನ ಕರಗ ಹೊತ್ತು ಬಂದರೆ ಊರಿಗೆ ಊರೇ ಕೈ ಮುಗಿಯುತ್ತದೆ. ಅದು ವ್ರತ, ನಿನ್ನದು ಬದುಕು, ಎರಡೂ ಒಂದೇ ಅನ್ನಲಾರೆ. ಆದರೂ ಗಂಡಿನ ಮೈಯಲ್ಲಿ ಹೆಣ್ಣನ್ನು ಕಾಣುವುದು ಈ ಊರಿನ ಕಣ್ಣಿಗೆ ಹೊಸದಲ್ಲ.

ನನ್ನ ನಡಿಗೆ ಯಾರಾದರೂ ನೋಡಿದರಾ, ದನಿ ಸಣ್ಣಗಾಯಿತಾ ಅಂತ ದಿನವಿಡೀ ಕಾವಲು ಕಾಯುವ ಮನಸ್ಸು ಧ್ಯಾನಕ್ಕೆ ಕೂತ ತಕ್ಷಣ ಎಲ್ಲಿ ನಿಲ್ಲುತ್ತದೆ? ಆ ಕಾವಲು ಇಳಿಸುವುದೇ ನಿನ್ನ ಸಾಧನೆ. ಹಾಗಂತ ನಾಳೆಯೇ ಊರಿಗೆಲ್ಲ ಸಾರಬೇಕಿಲ್ಲ. ಏಟು ಬೀಳುತ್ತದೆ, ಮನೆಯಿಂದ ಆಚೆ ಹಾಕುತ್ತಾರೆ ಅನ್ನುವ ಭಯ ಇದ್ದರೆ ಸುಮ್ಮನಿರುವುದು ಸುಳ್ಳಲ್ಲ, ಜೋಪಾನ. ಕೈಯಲ್ಲಿ ಸ್ವಲ್ಪ ದುಡ್ಡಿರಲಿ, ನಂಬಿಕೆಯವರು ಒಬ್ಬರಾದರೂ ಇರಲಿ. ತಾನು ಗಂಡೋ ಹೆಣ್ಣೋ ಇನ್ನೊಂದೋ ಅಂತ ಹೇಳುವ ಹಕ್ಕು ಅವರವರದೇ ಅಂತ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದೇ ಹೇಳಿದೆ. ಕಾಗದಪತ್ರದ ಓಡಾಟ ನಿಧಾನಕ್ಕೆ ಆಗಲಿ.

ಅರ್ಚನೆಗೆ ಮಾತ್ರ ಅಷ್ಟು ಕಾಯಬೇಡ, ಅಲ್ಲಿ ಆಧಾರ್ ಕಾರ್ಡ್ ಕೇಳುವುದಿಲ್ಲ. ನೀನು ಮನಸ್ಸಲ್ಲಿ ಇಟ್ಟುಕೊಂಡಿರುವ ಹೆಸರು ಹೇಳು. ಅಕ್ಕನದೋ ತಂಗಿಯದೋ ಇರಬೇಕು ಅಂತ ಪೂಜಾರಿ ಅಂದುಕೊಂಡರೆ ಅಂದುಕೊಳ್ಳಲಿ. ನಕ್ಷತ್ರ ಹೇಗೂ ಅದೇ.