‘ದಿ ಕ್ಲಾಕ್’ ಲೇಖನವನ್ನು ಯಾಕೆ ವಾಪಸು ಕಳಿಸುತ್ತಿದ್ದೇನೆ

ಪ್ರಿಯ ಬರಹಗಾರರೆ,

1945ರ ಹಾಲಿವುಡ್ ಸಿನಿಮಾ ‘ದಿ ಕ್ಲಾಕ್’ ಕುರಿತ ನಿಮ್ಮ ಲೇಖನವನ್ನು ಮೊದಲ ಸಲ ಓದಿ ಪಕ್ಕಕ್ಕಿಟ್ಟಿದ್ದೆ. ಮಾರನೆಯ ದಿನ ಕಾಫಿ ಕುಡಿಯುವಾಗ ನಿಮ್ಮ ಐದನೆಯ ಪುಟದ ಒಂದು ಸಾಲು ನೆನಪಾಯಿತು: ‘ಮದುವೆಯ ಮರುದಿನ ಬೆಳಿಗ್ಗೆ ಅವಳು ಕಾಫಿ ಬಗ್ಗಿಸುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ.’ ಆ ಸಾಲಿಗಾಗಿ ಮತ್ತೆ ಕೈಗೆತ್ತಿಕೊಂಡೆ. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಬೇಸರವಾದರೆ ಎರಡು ದಿನ ಬಿಟ್ಟು ಓದಿ.

ಆರು ಪುಟದ ಲೇಖನದಲ್ಲಿ ಸಿನಿಮಾ ಬರುವುದು ನಾಲ್ಕನೆಯ ಪುಟಕ್ಕೆ. ಅಲ್ಲಿಯವರೆಗೆ ನಾಯಕಿ ಜೂಡಿ ಗಾರ್ಲೆಂಡ್ ಅವರ ಮಾತ್ರೆಗಳು, ಮದುವೆಗಳು, 47ನೆಯ ವಯಸ್ಸಿಗೆ ಲಂಡನ್‌ನಲ್ಲಿ ಬಂದ ಸಾವು. ಆಮೇಲೆ ನಾಯಕ ರಾಬರ್ಟ್ ವಾಕರ್ ಅವರ ಕುಡಿತ, ಮುರಿದ ಸಂಸಾರ, 1951ರಲ್ಲಿ 32ಕ್ಕೇ ಮುಗಿದ ಬದುಕು. ಎಲ್ಲ ನಿಜವೇ. ಆದರೆ ಎಲೆ ಹಾಕಿಸಿಕೊಂಡು ಕೂತವರಿಗೆ ಅಡುಗೆಯವರ ಮನೆ ಜಗಳ ಹೇಳಿದ ಹಾಗಿದೆ. ಇದರಲ್ಲಿ ಒಂದೇ ಒಂದು ಸಂಗತಿ ಸಿನಿಮಾಕ್ಕೆ ತಾಗುತ್ತದೆ. ಮೊದಲು ನಿರ್ದೇಶಿಸುತ್ತಿದ್ದವರು ಫ್ರೆಡ್ ಝಿನ್ನೆಮನ್. ಅವರೊಂದಿಗೆ ಹೊಂದಿಕೆಯಾಗದೆ ಗಾರ್ಲೆಂಡ್ ಅವರೇ ವಿನ್ಸೆಂಟ್ ಮಿನೆಲ್ಲಿ ಬೇಕೆಂದು ಕೇಳಿದರು. ಚಿತ್ರ ಬಂದ ಮರುತಿಂಗಳು, 1945ರ ಜೂನ್‌ನಲ್ಲಿ, ಅವರಿಬ್ಬರ ಮದುವೆಯಾಯಿತು. ಹಾಡುವ ಹುಡುಗಿಯೆಂದೇ ಲೋಕ ಬಲ್ಲ ನಟಿಯನ್ನು ಒಂದೂ ಹಾಡಿಲ್ಲದೆ ಬರೀ ಮುಖದ ಮೇಲೆ ನಿಲ್ಲಿಸಿ ನೋಡುವ ಧೈರ್ಯ ಆ ಕ್ಯಾಮೆರಾಕ್ಕೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದಿತ್ತು. ಕೇಳದೆ ಗಾಸಿಪ್‌ಗೇ ನಿಲ್ಲಿಸಿದಿರಿ.

ಎರಡು ತಪ್ಪುಗಳಿವೆ. ‘ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿದ ಚಿತ್ರ’ ಎಂದಿದ್ದೀರಿ. ಕಚ್ಚಲಿಲ್ಲ, ತಯಾರಿಸಿದ ಎಂಜಿಎಂ ಸ್ಟುಡಿಯೋಗೆ ಲಾಭವನ್ನೇ ತಂದಿತು. ಅದು ಮರೆಯಾದದ್ದು ಆಮೇಲೆ, ಗಾರ್ಲೆಂಡ್ ಹೆಸರು ಹೇಳಿದರೆ ಜನರಿಗೆ ಹಾಡುಗಳೇ ನೆನಪಾಗುತ್ತಿದ್ದಾಗ. ಸೋತ ಚಿತ್ರಕ್ಕಿಂತ, ಗೆದ್ದೂ ಜನರ ನೆನಪಿನಲ್ಲಿ ಉಳಿಯದ ಚಿತ್ರದ ಕತೆ ಹೆಚ್ಚು ಕುತೂಹಲದ್ದು. ಅದನ್ನು ಕೈಯಾರೆ ಬಿಟ್ಟುಕೊಟ್ಟಿದ್ದೀರಿ. ಇನ್ನೊಂದು, ‘ನ್ಯೂಯಾರ್ಕ್‌ನ ಬೀದಿಗಳಲ್ಲಿ ಚಿತ್ರೀಕರಿಸಿದ’ ಎನ್ನುವುದು. ನಟರು ಕ್ಯಾಲಿಫೋರ್ನಿಯಾದ ಸ್ಟುಡಿಯೋ ಬಿಟ್ಟು ಕದಲಲಿಲ್ಲ. ನ್ಯೂಯಾರ್ಕ್ ಬಂದದ್ದು ಅವರ ಬೆನ್ನ ಹಿಂದಿನ ಪರದೆಯ ಮೇಲೆ. ಅಲ್ಲಿನ ರೈಲು ನಿಲ್ದಾಣ ಪೆನ್ ಸ್ಟೇಷನ್ ಕೂಡ ಸೆಟ್ಟು. ನಿಜವಾದ ನಿಲ್ದಾಣವನ್ನು 1963ರಿಂದ ಒಡೆದು ಹಾಕಿದರು. ಈಗ ನಕಲಿಯಲ್ಲೇ ಅದನ್ನು ನೋಡಬೇಕು. ಇಷ್ಟು ಒಳ್ಳೆಯ ವ್ಯಂಗ್ಯ ಕಾಲಬುಡದಲ್ಲಿದ್ದರೂ ಎಡವಿ ಮುಂದೆ ಹೋಗಿದ್ದೀರಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕಡೆಗಣಿಸಲ್ಪಟ್ಟ’ ಎಂಬ ಪದವನ್ನು ಎಣಿಸಿದೆ, ಹನ್ನೊಂದು ಸಲ ಇದೆ. ‘ಮನಮಿಡಿಯುವ’ ಏಳು ಸಲ. ಒಂದು ಸಿನಿಮಾದ ಪರವಾಗಿ ವಕಾಲತ್ತು ಹೂಡಿದಷ್ಟೂ ಓದುಗನಿಗೆ ಅನುಮಾನ ಹೆಚ್ಚುತ್ತದೆ. ಅದನ್ನು ಕಣ್ಣೆದುರು ಇಟ್ಟರೆ ಸಾಕು, ಪಾಪ, ಅವನೇ ನೋಡಿಕೊಳ್ಳುತ್ತಾನೆ.

ಹೇಗೆ ಇಡುವುದು? ನಿಮ್ಮ ಕಾಫಿಯ ಸಾಲಿಗೇ ಬರುತ್ತೇನೆ. ಅದು ಲೇಖನದಲ್ಲಿ ಒಂಟಿಯಾಗಿ ನಿಂತಿದೆ, ಯಾಕೆಂದರೆ ಅದಕ್ಕೂ ಮುಂಚಿನ ಗದ್ದಲವನ್ನು ನೀವು ಕೇಳಿಸಿಲ್ಲ. ಈ ಚಿತ್ರ ಶುರುವಾಗುವುದೇ ನಿಲ್ದಾಣದ ಜನಜಂಗುಳಿಯಲ್ಲಿ. ಎರಡು ದಿನದ ರಜೆಯಲ್ಲಿ ಬಂದ ಹಳ್ಳಿ ಕಡೆಯ ಸೈನಿಕ ಜೋನ (ವಾಕರ್) ಕಾಲಿಗೆ ಎಡವಿ ಆಲಿಸ್‌ಳ (ಗಾರ್ಲೆಂಡ್) ಚಪ್ಪಲಿಯ ಹಿಮ್ಮಡಿ ಕಿತ್ತುಹೋಗುತ್ತದೆ. ಭಾನುವಾರ ಮುಚ್ಚಿದ ಅಂಗಡಿಯವನನ್ನು ಕಾಡಿಬೇಡಿ ರಿಪೇರಿ ಮಾಡಿಸುತ್ತಾರೆ. ರಾತ್ರಿ ಹಾಲಿನ ಗಾಡಿಯವನಿಗೆ ಕುಡುಕನೊಬ್ಬನಿಂದ ಗುದ್ದು ಬಿದ್ದಾಗ ಅವನ ಬದಲು ಇವರೇ ಮನೆಮನೆಗೆ ಹಾಲು ಹಾಕುತ್ತಾರೆ. ಮರುದಿನ ಸಬ್‌ವೇ ನೂಕುನುಗ್ಗಲಲ್ಲಿ ಒಬ್ಬರನ್ನೊಬ್ಬರು ಕಳೆದುಕೊಂಡ ಮೇಲೆ ತಿಳಿಯುತ್ತದೆ: ಪರಸ್ಪರರ ಪೂರ್ತಿ ಹೆಸರೂ ಗೊತ್ತಿಲ್ಲ! ಹುಡುಕುವುದು ಹೇಗೆ? ಮತ್ತೆ ಸಿಕ್ಕಾಗ ಆತುರಾತುರವಾಗಿ ಕಚೇರಿಯಲ್ಲಿ ಮದುವೆ. ವಚನ ಹೇಳುವ ಹೊತ್ತಿಗೆ ಹೊರಗೆ ರೈಲು ಹಾದು ಮಾತು ಮುಳುಗಿಹೋಗುತ್ತದೆ. ಆಮೇಲೆ ಹೋಟೆಲಿನಲ್ಲಿ ಕೂತ ಆಲಿಸ್‌ಗೆ ಆ ಮದುವೆ ಎಷ್ಟು ಅಂದಗೆಟ್ಟಿತ್ತೆಂದು ಅಳು. ಇಬ್ಬರೂ ಖಾಲಿ ಚರ್ಚಿಗೆ ಹೋಗಿ ಪುಸ್ತಕ ನೋಡಿಕೊಂಡು ಮೆಲ್ಲಗೆ ಅದೇ ವಚನಗಳನ್ನು ಓದುತ್ತಾರೆ.

ಈಗ ಕಾಫಿ ಬಗ್ಗಿಸಲಿ, ನೋಡಿ! ಎರಡು ದಿನ ಊರಿಗೆ ಊರೇ ಇವರ ಮಾತಿನ ಮಧ್ಯೆ ಬಾಯಿ ಹಾಕಿದೆ. ಮೊದಲ ಸಲ ಯಾರೂ ಅಡ್ಡ ಬರುತ್ತಿಲ್ಲ. ಆ ಮೌನ ಕೇಳಬೇಕಾದರೆ ರೈಲು ಮೊದಲು ಕೂಗಬೇಕು. ಇದು ನನ್ನ ಓದು; ಒಪ್ಪದಿದ್ದರೆ ಲೇಖನದಲ್ಲೇ ಜಗಳವಾಡಿ, ಸಂತೋಷ.

ಜೊತೆಗೆ ಚಿತ್ರದ ಕುಂದನ್ನೂ ಬರೆಯಿರಿ. ಆ ಕುಡುಕನ ದೃಶ್ಯ (ನಟ ಕೀನನ್ ವಿನ್) ನನಗಂತೂ ಸಾಕುಸಾಕೆನಿಸಿತು. ನಿಮಗೆ ಹಾಗನಿಸದಿದ್ದರೆ ಬೇರೇನೋ ಕಂಡಿರಬೇಕು. ಆರು ಪುಟದಲ್ಲಿ ಒಂದು ಆಕ್ಷೇಪವೂ ಇಲ್ಲವೆಂದರೆ ಎಷ್ಟು ಗಮನವಿಟ್ಟು ನೋಡಿದಿರಿ ಎಂದು ಕೇಳಬೇಕಾಗುತ್ತದೆ. ಕೊನೆಯ ಪುಟದಲ್ಲಿ ಈ ಚಿತ್ರವನ್ನು ನಮ್ಮ ಕನ್ನಡ ಪ್ರೇಮಚಿತ್ರಗಳ ಜೊತೆ ತೂಗಿದ್ದನ್ನು ಪೂರ್ತಿ ತೆಗೆಯಿರಿ. ಎರಡಕ್ಕೂ ನ್ಯಾಯ ಸಿಕ್ಕಿಲ್ಲ.

ಕೊನೆಯ ಶಾಟ್ ಬಗ್ಗೆ ನೀವು ಬರೆದದ್ದು ಚೆನ್ನಾಗಿದೆ, ಮುಟ್ಟಬೇಡಿ. ಅವನನ್ನು ಕಳಿಸಿ ಅವಳು ಹಿಂದಿರುಗುತ್ತಾಳೆ, ಕ್ಯಾಮೆರಾ ಮೇಲೇರುತ್ತದೆ, ಅವಳು ಜನರಲ್ಲಿ ಒಬ್ಬಳಾಗಿ ಬೆರೆತುಹೋಗುತ್ತಾಳೆ. ಅಲ್ಲಿಗೇ ಲೇಖನ ನಿಲ್ಲಿಸಿ. ಅದರಡಿಯ ‘ನಿಜವಾದ ಪ್ರೀತಿಗೆ ಕಾಲದ ಹಂಗಿಲ್ಲ’ ಎಂಬುದನ್ನು ನಾನೇ ಹೊಡೆದು ಹಾಕಿದ್ದೇನೆ, ಕ್ಷಮಿಸಿ.

ಸಾವಿರ ಪದದೊಳಗೆ ಮತ್ತೆ ಬರೆದು ಮುಂದಿನ ತಿಂಗಳು ಕಳಿಸಿ. ಮತ್ತೊಂದು ವಿಷಯ: ಹಾಲಿನವನಾದ ಜೇಮ್ಸ್ ಗ್ಲೀಸನ್‌ಗೆ ಚಿತ್ರದಲ್ಲಿ ಹೆಂಡತಿಯಾಗಿ ಬಂದ ಲೂಸಿಲ್ ಗ್ಲೀಸನ್ ನಿಜಬದುಕಿನಲ್ಲೂ ಅವರ ಹೆಂಡತಿ. ಹೊಸ ಜೋಡಿಗೆ ಸಂಸಾರದ ಮಾತು ಹೇಳುವವರು ಅವರೇ. ಗಾರ್ಲೆಂಡ್ ಮದುವೆಗಳ ಪಟ್ಟಿ ತೆಗೆದಾಗ ಖಾಲಿಯಾಗುವ ಜಾಗದಲ್ಲಿ ಇವರಿಗೆ ಎರಡು ಸಾಲು ಕೊಡಿ.

ಇತಿ,
ಸಂಪಾದಕ